ಮೊಲಕ್ಕೆ ಮಗುಚದ ನೀರಿನ ಬಟ್ಟಲು

ಯಲಹಂಕ, ಹೆಬ್ಬಾಳದ ಸುತ್ತಮುತ್ತಲ ಮನೆಗಳಲ್ಲಿ ಮಕ್ಕಳ ಆಸೆಗೆಂದು ಒಂದೆರಡು ಮೊಲಗಳನ್ನು ಸಾಕುವುದುಂಟು. ಮೇವಿನ ಬಗ್ಗೆ ವಹಿಸುವಷ್ಟು ಎಚ್ಚರವನ್ನು ನೀರಿನ ಪಾತ್ರೆಯ ಬಗ್ಗೆ ವಹಿಸುವವರು ಕಡಿಮೆ. ಅಡುಗೆಮನೆಯ ಹಳೆಯ ಸ್ಟೀಲ್ ಬಟ್ಟಲನ್ನು ಪಂಜರದಲ್ಲಿಟ್ಟು ಮನೆಯವರು ಕೆಲಸಕ್ಕೆ ಹೋಗುತ್ತಾರೆ. ಮೊಲ ಅದನ್ನು ಬೆಳಿಗ್ಗೆಯೇ ಮಗುಚಿದರೆ ಸಂಜೆಯವರೆಗೆ ಹನಿ ನೀರಿರುವುದಿಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಶೀಟಿನ ಮಾಡಿನ ಕೆಳಗೆ, ಮೊಲ ಪ್ರಾಣಕ್ಕೇ ಎರವಾಗಬಹುದು.

ನೀರಿನ ಅಗತ್ಯ

ಮೊಲವು ತನ್ನ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ ಸುಮಾರು 100ರಿಂದ 120 ಮಿ.ಲೀ. ನೀರು ಕುಡಿಯುತ್ತದೆ. ಎರಡೂವರೆ ಕಿಲೋ ತೂಗುವ ಮೊಲಕ್ಕೆ 250ರಿಂದ 300 ಮಿ.ಲೀ. ಬೇಕು. ಬೇಸಿಗೆಯಲ್ಲಿಯೂ ಮರಿಗಳಿಗೆ ಹಾಲೂಡಿಸುವಾಗಲೂ ಇನ್ನೂ ಹೆಚ್ಚು ಬೇಕಾಗುತ್ತದೆ. ಮೊಲಕ್ಕೆ ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ನೀರು ಸಿಗದಿದ್ದರೆ ಅದು ಒಣ ಮೇವನ್ನು ಬಿಡುತ್ತದೆ. ಮೇವು ಬಿಟ್ಟರೆ ಕರುಳಿನ ಚಲನೆ ನಿಧಾನವಾಗಿ ಜೀವಕ್ಕೆ ಅಪಾಯ ಒದಗುತ್ತದೆ.

ಚೆಲ್ಲಿದ ನೀರೂ ಕೇಡನ್ನೇ ತರುತ್ತದೆ. ಹಾಸು ನೆನೆದು ಮೂತ್ರದೊಡನೆ ಸೇರಿ ಅಮೋನಿಯ ವಾಸನೆ ಏಳುತ್ತದೆ. ಹಿಂಗಾಲಿನ ಪಾದಗಳಲ್ಲಿ ಹುಣ್ಣಾಗುತ್ತದೆ. ದೊಡ್ಡ ಹೆಣ್ಣು ಮೊಲದ ಗಂಗೆದೊಗಲು ಸದಾ ಒದ್ದೆಯಾಗಿದ್ದು ಕೂದಲು ಉದುರುತ್ತದೆ. ಮರಿಗಳನ್ನು ಕೊಲ್ಲುವ ಕಾಕ್ಸಿಡಿಯ ರೋಗದ ಅಣುಗಳು ತೇವದಲ್ಲಿಯೇ ಬಲಿಯುತ್ತವೆ.

ಬಟ್ಟಲು ಏಕೆ ಮಗುಚುತ್ತದೆ?

ಮೊಲ ಮುಂಗಾಲುಗಳನ್ನು ಬಟ್ಟಲಿನ ಅಂಚಿನ ಮೇಲಿಡುತ್ತದೆ. ಬಾಯಿ ಅಗಲವಾಗಿ ತಳ ಕಿರಿದಾಗಿದ್ದರೆ ಅಂಚು ತಳದಿಂದ ಹೊರಕ್ಕೆ ಚಾಚಿರುತ್ತದೆ. ಬಾಯಿ 15 ಸೆಂ.ಮೀ., ತಳ 8 ಸೆಂ.ಮೀ. ಇದ್ದು, ನೀರೂ ಸೇರಿ 600 ಗ್ರಾಂ ತೂಗುವ ಬಟ್ಟಲಿನ ಅಂಚಿನ ಮೇಲೆ ಸುಮಾರು 700 ಗ್ರಾಂ ಭಾರ ಬಿದ್ದರೆ ಸಾಕು, ಮಗುಚುತ್ತದೆ. ಎರಡೂವರೆ ಕಿಲೋ ಮೊಲಕ್ಕೆ ಇದು ದೊಡ್ಡ ಕೆಲಸವಲ್ಲ. ತಳವು ಬಾಯಿಯಷ್ಟೇ ಅಥವಾ ಅದಕ್ಕಿಂತ ಅಗಲವಾಗಿದ್ದರೆ ಮೇಲಿನಿಂದ ಎಷ್ಟು ಒತ್ತಿದರೂ ಬಟ್ಟಲು ಮಗುಚದು. ಆಗ ಉಳಿಯುವುದು ಹಲ್ಲಿನಿಂದ ಕಚ್ಚಿ ಎತ್ತುವ ಚಾಳಿ ಮಾತ್ರ. ಅದಕ್ಕೆ ತೂಕವೇ ಮದ್ದು. ಆದ್ದರಿಂದ ಆಯ್ಕೆಯಲ್ಲಿ ಮೊದಲು ತಳ, ಅನಂತರ ತೂಕ ನೋಡಬೇಕು.

ಯಾವುದು ಉತ್ತಮ?

ದಪ್ಪ ಪಿಂಗಾಣಿ ಬಟ್ಟಲು ಒಳ್ಳೆಯದು. ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ ಸಣ್ಣ ಕಲ್ಲಿನ ಒರಳು, ಅಗಲ ಗುಳಿಯದಾದರೆ, ಇನ್ನೂ ಒಳ್ಳೆಯದು; ಅದನ್ನು ಕಚ್ಚಿ ಕೆಡಿಸಲೂ ಆಗದು. ಪ್ಲಾಸ್ಟಿಕ್ ಬಟ್ಟಲನ್ನು ಮೊಲ ಕಡಿಯುತ್ತದೆ. ಪಂಜರಕ್ಕೆ ತೂಗುಹಾಕುವ ಬಾಟಲಿಯಿಂದ ನೀರು ಚೆಲ್ಲದು, ಕೊಳೆಯೂ ಬೀಳದು. ಆದರೆ ಗಡಸು ಬೋರ್‌ವೆಲ್ ನೀರಿನ ಬಿಳಿ ಪೊರೆ ಕಟ್ಟಿ ಅದರ ಗುಂಡು ಸಿಕ್ಕಿಕೊಳ್ಳಬಹುದು. ದಿನವೂ ಬೆರಳಿನಿಂದ ಮುಟ್ಟಿ ನೋಡಬೇಕು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೊಲಗಳು ಬಾಟಲಿಗಿಂತ ತೆರೆದ ಬಟ್ಟಲನ್ನೇ ಹೆಚ್ಚು ಬಯಸಿದುದು ಕಂಡುಬಂದಿತು.

ಮನೆಯಲ್ಲಿಯೇ ಮಾಡುವ ಸಿಮೆಂಟ್ ಬಟ್ಟಲು

20 ಸೆಂ.ಮೀ. ಅಗಲ, 7 ಸೆಂ.ಮೀ. ಎತ್ತರದ ತಗಡಿನ ಬಳೆಯನ್ನು ಕಾಗದ ಹಾಸಿದ ಹಲಗೆಯ ಮೇಲಿಡಬೇಕು. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳು ಕಲಸಿ ಅದರಲ್ಲಿ ತುಂಬಬೇಕು. 14 ಸೆಂ.ಮೀ. ಬಾಯಿ, 5 ಸೆಂ.ಮೀ. ಆಳದ ಬಟ್ಟಲಿನ ಹೊರಮೈಗೆ ಎಣ್ಣೆ ಸವರಿ ನಡುವೆ ಒತ್ತಿ, ಗಟ್ಟಿಯಾದ ಮೇಲೆ ತೆಗೆಯಬೇಕು. ಏಳು ದಿನ ನೀರುಣಿಸಿ, ಮತ್ತೆ ಹತ್ತು ದಿನ ನೀರು ತುಂಬಿಟ್ಟು ದಿನವೂ ಚೆಲ್ಲಿದರೆ ಸಿಮೆಂಟಿನ ಖಾರ ಇಳಿಯುತ್ತದೆ. ಇದರ ತೂಕ ಮೂರು ಕಿಲೋಗೂ ಮೀರುತ್ತದೆ. ಅರ್ಧ ಲೀಟರಿನಷ್ಟು ನೀರು ಹಿಡಿಯುತ್ತದೆ.

ಗಮನಿಸಬೇಕಾದ ಅಂಶಗಳು

1. ಕೊಳ್ಳುವ ಮೊದಲು ಅಂಚನ್ನು ಎರಡು ಬೆರಳಿನಿಂದ ಬಲವಾಗಿ ಒತ್ತಿ. ಎದುರು ಅಂಚು ಮೇಲೆದ್ದರೆ ಆ ಬಟ್ಟಲು ಬೇಡ.

2. ಮೊಲ ಹಿಕ್ಕೆ ಹಾಕುವ ಮೂಲೆಯಿಂದ ದೂರ, ನೆರಳಿನಲ್ಲಿ, ಸಮತಟ್ಟಾದ ಚಪ್ಪಡಿಯ ಮೇಲೆ ಇಡಿ.

3. ದಿನಕ್ಕೆರಡು ಬಾರಿ ನೀರು ಬದಲಿಸಿ, ಒಮ್ಮೆ ಉಜ್ಜಿ ತೊಳೆಯಿರಿ. ಮೊಲ ರಾತ್ರಿಯೂ ಕುಡಿಯುವುದರಿಂದ ಮಲಗುವ ಮುನ್ನ ತುಂಬಿಡಿ.

4. ಮರಿಗಳು ಮೂರು ವಾರಕ್ಕೆ ಗೂಡಿನಿಂದ ಹೊರಬರುತ್ತವೆ. ಆಗ ಆಳದ ಬಟ್ಟಲಿನಲ್ಲಿ ತೊಳೆದ ಕಲ್ಲುಗಳನ್ನು ಹಾಕಿ ನೀರಿನ ಆಳ ಕಡಿಮೆ ಮಾಡಿ.

5. ಬೇಸಿಗೆಯಲ್ಲಿ ಮನೆ ಬಿಡುವಾಗ ಎರಡು ಕಡೆ ನೀರಿಡಿ.

ಅರ್ಧ ದಿನವಾದರೂ ಮೊಲ ಮೇವು ಮುಟ್ಟದಿದ್ದರೆ ಕಾಯದೆ ಹತ್ತಿರದ ಪಶುವೈದ್ಯರಿಗೆ ತೋರಿಸಬೇಕು. ಯಲಹಂಕದವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ದೂರವಲ್ಲ.