ಮುಟ್ಟು ತಪ್ಪಿದ್ದಕ್ಕಿಂತ ಮಾತು ಚುಚ್ಚಿದ್ದೇ ಹೆಚ್ಚು!

ಮಾಡದಕೆರೆ: ಬೆಳಿಗ್ಗೆ ಹೊಸದುರ್ಗದ ಬಸ್ಸಿಗೆ ಕಾಯುವ ಕಾಲೇಜು ಹುಡುಗಿಯರ ಗುಂಪನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಅವರಲ್ಲಿ ಒಬ್ಬಳು ಮಾತ್ರ ದುಪಟ್ಟಾದ ಅಂಚನ್ನು ಗದ್ದದ ಮೇಲಕ್ಕೆ ಎಳೆದುಕೊಂಡು ನಿಂತಿರುತ್ತಾಳೆ. ಬಿಸಿಲಿಗಲ್ಲ, ಧೂಳಿಗೂ ಅಲ್ಲ. ಗದ್ದದಲ್ಲಿ ನಾಲ್ಕು ಕೂದಲು ಬಂದಿವೆ, ಅದನ್ನು ಯಾರೂ ನೋಡಬಾರದು. ಎರಡು ತಿಂಗಳಿಂದ ಮುಟ್ಟಾಗಿಲ್ಲ. ಅದನ್ನು ಅವ್ವನಿಗೆ ಹೇಳೋ ಹಾಗಿಲ್ಲ. ಹೇಳಿದರೆ ಅವ್ವನ ಯೋಚನೆ ಬೇರೆ ಕಡೆಗೇ ಓಡುತ್ತದೆ!

ಮಾಡದಕೆರೆಯೇ ಆಗಬೇಕಿಲ್ಲ. ಹಿರಿಯೂರು, ಹೊಳಲ್ಕೆರೆ, ಯಾವ ಬಸ್ ಸ್ಟಾಂಡಿನಲ್ಲಾದರೂ ಇಂಥವಳೊಬ್ಬಳು ಇದ್ದೇ ಇರುತ್ತಾಳೆ. ಡಾಕ್ಟರುಗಳು ಇದಕ್ಕೆ ಪಿಸಿಓಎಸ್ ಅನ್ನುತ್ತಾರೆ, ಜನರ ಬಾಯಲ್ಲಿ ಇದು ಪಿಸಿಓಡಿ. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಸರಿಸುಮಾರು ಹತ್ತಕ್ಕೆ ಒಬ್ಬಳಿಗೆ ಇದು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬಹಳ ಮಂದಿಗೆ ತಮಗೆ ಇದಿದೆ ಅನ್ನೋದೇ ಗೊತ್ತಿಲ್ಲ. ಹೊಸ ಕಾಯಿಲೆಯೂ ಅಲ್ಲ. ಅಮೆರಿಕದ ಷಿಕಾಗೋದಲ್ಲಿ ಸ್ಟೈನ್ ಮತ್ತು ಲೆವೆಂತಾಲ್ ಎಂಬ ಇಬ್ಬರು ಡಾಕ್ಟರು 1935ರಲ್ಲೇ ಇದರ ಬಗ್ಗೆ ಬರೆದಿದ್ದರು.

ಸ್ಕ್ಯಾನಿಂಗ್ ಚೀಟಿಯಲ್ಲಿ 'ಸಿಸ್ಟ್' ಅಂತ ಕಂಡ ಕೂಡಲೇ ಮನೆಯವರು ಗಡ್ಡೆ ಅಂತ ಹೆದರುತ್ತಾರೆ. ಅದು ಗಡ್ಡೆ ಅಲ್ಲ ಸ್ವಾಮಿ. ಅಂಡಾಶಯದಲ್ಲಿ ಪೂರ್ತಿ ಬಲಿಯದೆ ನಿಂತುಹೋದ ಸಣ್ಣ ಸಣ್ಣ ಕೋಶಗಳು, ಅಷ್ಟೆ. ಗಂಡಸರಲ್ಲಿ ಹೆಚ್ಚಾಗಿರುವ ಹಾರ್ಮೋನು ಇವರಲ್ಲಿ ಮಿತಿ ಮೀರುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಮುಟ್ಟು ಏರುಪೇರು, ಮುಖದಲ್ಲಿ ಕೂದಲು, ಮೊಡವೆ, ಕೆಲವರಿಗೆ ಮೈ ಬರುವುದು, ಮಗು ನಿಲ್ಲುವುದು ತಡ. ಮುಂದೆ ಸಕ್ಕರೆ ಕಾಯಿಲೆಯ ಭಯವೂ ಉಂಟು.

ಇವಿಷ್ಟು ಮೈಯ ಮಾತಾಯಿತು. ಮನಸ್ಸಿನದು ಬೇರೆ ಕತೆ. "ಯಾಕವ್ವಾ, ಹಿಂಗೆ ದಪ್ಪ ಆಗ್ತಾ ಇದೀಯ?" ಅಂತ ಅಂಗಡಿ ಮುಂದೆ ಒಬ್ಬರು. "ಮದ್ವೆ ಆಗಿ ಮೂರು ವರ್ಷ ಆತು, ಇನ್ನೂ ಏನೂ ಇಲ್ವಾ?" ಅಂತ ಮದುವೆ ಮನೆಯಲ್ಲಿ ಇನ್ನೊಬ್ಬರು. ಕೇಳಿದವರು ಊಟ ಮಾಡಿ ಎಲೆಯಡಿಕೆ ಹಾಕಿಕೊಂಡು ಹೋಗುತ್ತಾರೆ, ಕೇಳಿಸಿಕೊಂಡವಳು ರಾತ್ರಿ ನಿದ್ದೆ ಬಿಡುತ್ತಾಳೆ. ಈ ಕಾಯಿಲೆ ಇರುವವರಲ್ಲಿ ಆತಂಕ, ಖಿನ್ನತೆ ಉಳಿದವರಿಗಿಂತ ಹೆಚ್ಚು. ಹಾಗಂತಲೇ 2023ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ಪಿಸಿಓಎಸ್ ಇರುವ ಪ್ರತಿಯೊಬ್ಬಳ ಮನಸ್ಸನ್ನೂ ಡಾಕ್ಟರು ವಿಚಾರಿಸಲೇಬೇಕು ಎಂದಿದೆ. ನಮ್ಮಲ್ಲಿ ತೂಕದ ಯಂತ್ರದ ಮೇಲೆ ಹತ್ತಿಸಿ "ತೂಕ ಇಳಿಸಮ್ಮ" ಅಂದರೆ ಎಷ್ಟೋ ಕಡೆ ವಿಚಾರಣೆ ಮುಗಿಯಿತು.

ಪಕ್ಕದ ಜಿಲ್ಲೆಯ ಪ್ರಯೋಗ

ಹಾಗಾದರೆ ಕಣ್ಣು ಮುಚ್ಚಿ ಕೂತರೆ ಏನಾದರೂ ಉಪಯೋಗ ಉಂಟೇ? ಇದಕ್ಕೆ ಉತ್ತರ ಹುಡುಕಿದ್ದು ಚಿತ್ರದುರ್ಗ ಜಿಲ್ಲೆಯ ಗಡಿಗೆ ಅಂಟಿಕೊಂಡ ಅನಂತಪುರದಲ್ಲಿ. ಬೆಂಗಳೂರು ಪಕ್ಕದ ಜಿಗಣಿಯ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ರಾಮ್ ನಿಧಿ, ಡಾ. ಆರ್. ನಾಗರತ್ನ ಮೊದಲಾದವರು ಅಲ್ಲಿನ ಒಂದು ವಸತಿ ಕಾಲೇಜಿಗೆ ಹೋದರು. ಮೊದಲು 15ರಿಂದ 18 ವರ್ಷದ 460 ಹುಡುಗಿಯರನ್ನು ಪರೀಕ್ಷಿಸಿದಾಗ ನೂರಕ್ಕೆ 9 ಮಂದಿಯಲ್ಲಿ ಈ ತೊಂದರೆ ಕಂಡಿತು.

ಆಮೇಲೆ ಈ ತೊಂದರೆ ಇದ್ದ 90 ಹುಡುಗಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೊಂದು ತಾಸು ಆಸನ, ಪ್ರಾಣಾಯಾಮ, ಧ್ಯಾನ, ಜತೆಗೆ ನಾಲ್ಕು ಸಮಾಧಾನದ ಮಾತು. ಇನ್ನೊಂದು ಗುಂಪಿಗೆ ಅಷ್ಟೇ ಹೊತ್ತು ಮಾಮೂಲಿ ಕಸರತ್ತು. ಹೀಗೆ 12 ವಾರ ನಡೆಯಿತು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸ್ವಭಾವದಲ್ಲೇ ಬೇರೂರಿದ್ದ ಆತಂಕ ಯೋಗದ ಗುಂಪಿನಲ್ಲಿ ಹೆಚ್ಚು ಇಳಿದಿತ್ತು. ಆ ಹೊತ್ತಿಗೆ ಹುಟ್ಟುವ ಗಾಬರಿಯಲ್ಲಿ ಮಾತ್ರ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ತೂಕದಲ್ಲೂ ಅಷ್ಟೇ. ಮುಂದೆ ಗ್ರೀಸ್ ದೇಶದಲ್ಲಿ ಎಂಟು ವಾರಗಳ ಧ್ಯಾನದ ತರಬೇತಿಯೊಂದು ನಡೆದು, 2015ರಲ್ಲಿ ಅದರ ವರದಿ ಬಂತು. ಅಲ್ಲೂ ಮನಸ್ಸಿನ ಒತ್ತಡ ತಗ್ಗಿದ್ದು ಕಂಡಿದೆ. ಆದರೆ ಅದೂ ಸಣ್ಣ ಗುಂಪೇ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಧ್ಯಾನದಿಂದ ಮನಸ್ಸಿನ ಭಾರ ಇಳಿದೀತು, ಕಾಯಿಲೆ ಬುಡಸಮೇತ ಹೋಗುತ್ತದೆ ಅಂತ ಯಾರೂ ತೋರಿಸಿಲ್ಲ. 'ಹದಿನೈದು ದಿನದ ಶಿಬಿರ, ಪಿಸಿಓಡಿ ಮಾಯ' ಎಂಬ ಬೋರ್ಡು ನೋಡಿ ಡಾಕ್ಟರು ಕೊಟ್ಟ ಗುಳಿಗೆ ಬಿಟ್ಟರೆ ನಷ್ಟ ಬೋರ್ಡು ಹಾಕಿದವನಿಗಲ್ಲ. ಮೂರು ತಿಂಗಳಾದರೂ ಮುಟ್ಟಾಗದಿದ್ದರೆ ಲೇಡಿ ಡಾಕ್ಟರ ಹತ್ತಿರ ಹೋಗಲೇಬೇಕು. ವರ್ಷಗಟ್ಟಲೆ ಹಾಗೇ ಬಿಟ್ಟರೆ ಗರ್ಭಕೋಶದ ಒಳಪದರ ದಪ್ಪಗಾಗಿ ಬೇರೆ ಅಪಾಯಕ್ಕೆ ದಾರಿಯಾಗುತ್ತದೆ. ನಡಿಗೆ, ಹಿತಮಿತ ಊಟ, ಔಷಧಿ ಇವು ಒಂದು ಕಡೆ, ಧ್ಯಾನ ಅವುಗಳ ಜತೆಗೆ.

ಮೂಲೆ ಎಲ್ಲಿದೆ?

ಮಾಡುವ ಕ್ರಮ ಸುಲಭ. ಬೆನ್ನು ನೆಟ್ಟಗೆ ಇಟ್ಟು ಕೂತು, ಕಣ್ಣು ಮುಚ್ಚಿ, ಉಸಿರು ಒಳಗೆ ಹೋಗಿ ಹೊರಗೆ ಬರೋದನ್ನು ಗಮನಿಸಬೇಕು. ಮನಸ್ಸು ಮದುವೆ ಮನೆಯ ಮಾತಿಗೆ ಓಡಿದರೆ ಮತ್ತೆ ಉಸಿರಿಗೇ ತರಬೇಕು. ಶುರುವಿಗೆ ಹತ್ತು ನಿಮಿಷ ಸಾಕು. ಕಾಸು ಖರ್ಚಿಲ್ಲ.

ಆದರೆ ಆ ಹತ್ತು ನಿಮಿಷ ಕೊಡುವವರು ಯಾರು? ನೀರು ಹಿಡಿ, ಮುದ್ದೆ ತಿರುವು, ಮಕ್ಕಳನ್ನು ಸ್ಕೂಲಿಗೆ ಕಳಿಸು, ದನಕ್ಕೆ ಮೇವು ಹಾಕು... ಅಜ್ಜಿ ಲಿಂಗಪೂಜೆಗೆ ಕೂತರೆ ಮನೆಯಲ್ಲಿ ಯಾರೂ ಸದ್ದು ಮಾಡುವುದಿಲ್ಲ. ಅದೇ ಸೊಸೆ ಕಣ್ಣು ಮುಚ್ಚಿ ಕೂತರೆ "ಏನಾತು ಇವಳಿಗೆ?" ಅಂತ ಕೇಳುತ್ತಾರೆ! ಅನಂತಪುರದ ಹುಡುಗಿಯರಿಗೆ ಹಾಸ್ಟೆಲ್ಲಿನ ಗಂಟೆ ಹೊಡೆಯುತ್ತಿತ್ತು, ಒಟ್ಟಿಗೆ ಕೂರುವ ಜತೆಗಾರ್ತಿಯರಿದ್ದರು. ಇಲ್ಲಿನವಳಿಗೆ ಅದನ್ನು ಮನೆಯವರೇ ಮಾಡಿಕೊಡಬೇಕು. ಗಲ್ಲಾ ಮೇಲೆ ಕೂತು ಇದನ್ನು ಓದುತ್ತಿರುವ ಯಜಮಾನರು ಸಂಜೆ ಮನೆಗೆ ಹೋಗಿ ಟಿವಿ ಸದ್ದು ಸ್ವಲ್ಪ ಕಮ್ಮಿ ಮಾಡಿದರೆ ಅದೂ ಒಂದು ಸಹಾಯವೇ. ಮಗು ಆಗಿಲ್ಲ ಅಂದರೆ ಹೆಂಡತಿಯ ಜತೆ ತಾವೂ ಪರೀಕ್ಷೆ ಮಾಡಿಸಿಕೊಂಡರೆ ಇನ್ನೂ ದೊಡ್ಡ ಸಹಾಯ.

ಕೆಲವರಿಗೆ ಒಬ್ಬರೇ ಸುಮ್ಮನೆ ಕೂತಷ್ಟೂ ದುಃಖ ಉಕ್ಕುತ್ತದೆ. ಅಂಥವರು ಹಟ ಮಾಡಿ ಕೂರಬಾರದು. ವಾರಗಟ್ಟಲೆ ಊಟ ಸೇರದೆ, ನಿದ್ದೆ ಬಾರದೆ, ಬದುಕೇ ಬೇಡ ಅನ್ನಿಸಿದರೆ ಅದು ಡಾಕ್ಟರು ನೋಡಬೇಕಾದ ವಿಷಯ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರಿನಲ್ಲಿ ಶುರುವಾಗಿದೆ. ನಂಬರು 14416. ಹಗಲು ರಾತ್ರಿ ಇರುತ್ತದೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.