ವಿಷ ಇಳಿಸುವವನು ಜಾದೂಗಾರನಾದ ಬಗೆ

ಜಾದೂಗಾರನಿಗೆ ಕನ್ನಡದಲ್ಲಿರುವ ಹೆಸರುಗಳಲ್ಲಿ ‘ಗಾರುಡಿಗ’ ಎಂಬುದರ ಗತ್ತೇ ಬೇರೆ. ಬೇಂದ್ರೆಯವರನ್ನು ಶಬ್ದಗಾರುಡಿಗ ಎಂದು ಕರೆದು ಕೈಮುಗಿಯುತ್ತೇವೆ. ಶಬ್ದದ ಜಾದೂಗಾರ ಎಂದರೆ ಅದೇಕೋ ಬೆಲೆ ಇಳಿದಂತಾಗುತ್ತದೆ. ಆದರೆ ಹಳೆಯ ಗಾರುಡಿಗನ ಕಸುಬು ಕೈಚಳಕದ್ದಲ್ಲ. ಅವನು ಹಾವಿನ ವಿಷ ಇಳಿಸುವವನು.

ಹೆಸರು ಬಂದದ್ದು ಗರುಡನಿಂದ. ತಾಯಿ ವಿನತೆಯನ್ನು ಹಾವುಗಳ ತಾಯಿ ಕದ್ರುವಿನ ದಾಸ್ಯದಿಂದ ಬಿಡಿಸಲು ಅಮೃತ ತಂದ ಆ ಹಕ್ಕಿ ಹಾವುಗಳ ಪಾಲಿಗೆ ಆಜನ್ಮ ವೈರಿ. ಹಾಗಾಗಿ ವಿಷಕ್ಕೆ ಮದ್ದೂ ಮಂತ್ರವೂ ಅವನ ಹೆಸರಲ್ಲೇ ಬೆಳೆದು ‘ಗಾರುಡ’ ಎಂಬ ವಿದ್ಯೆಯಾಯಿತು. ಅದರ ಐದಕ್ಷರದ ಮಂತ್ರದಲ್ಲಿ ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶಕ್ಕೆ ಒಂದೊಂದು ಅಕ್ಷರ. ಗದಗ ಸೀಮೆಯ ಮುಳಗುಂದದಲ್ಲಿ 1047ರಲ್ಲಿ ಮಹಾಪುರಾಣ ಬರೆದು ಮುಗಿಸಿದ ಜೈನ ಮುನಿ ಮಲ್ಲಿಷೇಣ, ತನ್ನ ‘ಭೈರವ ಪದ್ಮಾವತೀ ಕಲ್ಪ’ದ ಹತ್ತನೆಯ ಅಧ್ಯಾಯವನ್ನು ಗಾರುಡಕ್ಕೇ ಬಿಟ್ಟುಕೊಟ್ಟಿದ್ದಾನೆ. 14ನೇ ಶತಮಾನದ ಮಂಗರಾಜನಂತೂ ವಿಷವೈದ್ಯವನ್ನು ಕನ್ನಡಕ್ಕೇ ತಂದ. ಅವನ ಗ್ರಂಥ ‘ಖಗೇಂದ್ರಮಣಿದರ್ಪಣ’. ಖಗೇಂದ್ರನೆಂದರೆ ಮತ್ತೆ ಗರುಡನೇ. ಅದರಲ್ಲಿ ಗಿಡಮೂಲಿಕೆಯ ವಿಷವೂ ಉಂಟು, ಪ್ರಾಣಿಗಳ ವಿಷವೂ ಉಂಟು. ಔಷಧದ ಪಕ್ಕದಲ್ಲೇ ಮಂತ್ರ, ಯಾವ ಮುಜುಗರವೂ ಇಲ್ಲದೆ.

ಈ ವೈದ್ಯ ಆಟಗಾರನಾದದ್ದು ಹೇಗೆ? 7ನೇ ಶತಮಾನದ ಬಾಣಭಟ್ಟ ‘ಹರ್ಷಚರಿತ’ದಲ್ಲಿ ತನ್ನ ಗೆಳೆಯರ ಉದ್ದದ ಪಟ್ಟಿ ಕೊಡುತ್ತಾನೆ. ವಿಷವೈದ್ಯ ಮಯೂರಕ ಒಬ್ಬ, ಐಂದ್ರಜಾಲಿಕ ಚಕೋರಾಕ್ಷ ಇನ್ನೊಬ್ಬ. ಅಂದರೆ ಆಗ ಎರಡೂ ಬೇರೆ ಬೇರೆ ಕಸುಬು. (ವಿಷವೈದ್ಯನಿಗೆ ನವಿಲಿನ ಹೆಸರಿಟ್ಟದ್ದು ಬಾಣನ ತುಂಟತನವೇ ಇರಬೇಕು.) ಅವೆರಡನ್ನೂ ಬೆಸೆದದ್ದು ಹಾವೇ ಎಂಬುದು ನನ್ನ ಊಹೆ. ನಮ್ಮ ಸುತ್ತಲಿನ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವಿಲ್ಲ. ನಾಗರಹಾವು ಕೂಡ ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ. ಕೇರೆಹಾವು ಕಚ್ಚಿದವನನ್ನು ಉಳಿಸಲು ಯಾವ ಮಂತ್ರವಾದರೂ ಸಾಕು. ಸತ್ತನೆಂದುಕೊಂಡವನು ಎದ್ದು ಕೂತರೆ ನೋಡುವವರಿಗೆ ಅದಕ್ಕಿಂತ ದೊಡ್ಡ ಪವಾಡ ಬೇಕೆ? ಸಂತೆಯಲ್ಲಿ ಹಾವಾಡಿಸುತ್ತ, ನಡುನಡುವೆ ಬೇರು ಮಾರುತ್ತ ನಿಂತವನಲ್ಲಿ ವೈದ್ಯ ಎಲ್ಲಿ ಮುಗಿದ, ಆಟಗಾರ ಎಲ್ಲಿ ಶುರುವಾದ ಎಂದು ಗೆರೆ ಎಳೆಯುವುದು ಕಷ್ಟ. ನೆರೆಯ ಮರಾಠಿಯಲ್ಲೂ ‘ಗಾರುಡಿ’ ಎಂದರೆ ಹಾವಾಡಿಗನೂ ಹೌದು, ಕಣ್ಕಟ್ಟಿನವನೂ ಹೌದು.

ಕಸುಬಿನ ಮೂಲ ಭಾಗ ಈಗ ಆಸ್ಪತ್ರೆಯ ಪಾಲು. ಕುದುರೆಯ ರಕ್ತದಿಂದ ತಯಾರಾಗುವ ಪ್ರತಿವಿಷವೇ ಇಂದಿನ ಮದ್ದು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಕರ್ನಾಟಕ 2024ರಲ್ಲಿ ನಿಯಮ ಮಾಡಿತು. ಗಾರುಡಿಗನ ಹೆಸರು ಮಾತ್ರ ದಸರಾ ಮೆರವಣಿಗೆಯ ಆಳೆತ್ತರ ಮೀರಿದ ಗಾರುಡಿ ಗೊಂಬೆಗೂ ಅಂಟಿಕೊಂಡಿದೆ. ಬಿದಿರಿನ ಚೌಕಟ್ಟಿನೊಳಗೆ ಹೊಕ್ಕು ಕುಣಿಯುವವನಿಗೂ ಹಾವಿಗೂ ಏನೇನೂ ಸಂಬಂಧವಿಲ್ಲ. ಅಂಥ ಗೊಂಬೆಗೆ ಕರಾವಳಿಯವರು ‘ತಟ್ಟಿರಾಯ’ ಎಂದು ಹೆಸರಿಟ್ಟು ಗರುಡನ ಗೋಜಿಗೇ ಹೋಗಿಲ್ಲ.