ರಾಶಿ ಮಷೀನಿನ ಶಾಫ್ಟು: ಸವೆದ ಕ್ರಾಸ್ ನಾವೇ ಬದಲಿಸಬಹುದು

ನಮ್ಮ ಹುನಗುಂದ ಕಡೆ ಎರಿ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ ಹೆಚ್ಚೂಕಡಿಮೆ ಒಟ್ಟಿಗೇ ರಾಶಿಗೆ ಬರುತ್ತವೆ. ಕಿತ್ತ ಕಡಲೆ ಕಣದಲ್ಲಿ ಬಿದ್ದಾಗ ಮೋಡ ಕಟ್ಟಿದರೆ ರೈತನಿಗೆ ನಿದ್ದೆ ಬರೂದಿಲ್ಲ. ಟ್ರ್ಯಾಕ್ಟರಿನಿಂದ ರಾಶಿ ಮಷೀನಿಗೆ ಹೋಗುವ ಪಿ.ಟಿ.ಓ. ಶಾಫ್ಟು ಕೈಕೊಡುವುದೂ ಅಂಥ ಹೊತ್ತಿನಲ್ಲೇ. ಹೆಚ್ಚಾಗಿ ಕೆಟ್ಟಿರುವುದು ಶಾಫ್ಟಿನ ತುದಿಯ ಕ್ರಾಸ್ ಮತ್ತು ಅದರ ಬೇರಿಂಗು. ಕೆಲವು ನೂರು ರೂಪಾಯಿಯ ಸಾಮಾನು. ಹತ್ತು ವರ್ಷದಿಂದ ಈ ಕೆಲಸ ನಾನೇ ಮಾಡಿಕೊಳ್ಳುತ್ತಿದ್ದೇನೆ.

ಒಳಗೇನೈತಿ?

ಕ್ರಾಸ್ ಅಂದರೆ ನಾಲ್ಕು ತೋಳಿನ ಕಬ್ಬಿಣ. ಪ್ರತಿ ತೋಳಿಗೂ ಒಂದು ಬಟ್ಟಲು. ಬಟ್ಟಲೊಳಗೆ ಸುತ್ತಲೂ ಸೂಜಿಯಂಥ ಸಣ್ಣ ರೋಲರ್‌ಗಳು. ಹಳೆ ಜೀಪಿನ ಶಾಫ್ಟು, ಹಳೆ ಓಟದ ಕಾರುಗಳ ಹಿಂದಿನ ಗಾಲಿಯ ಶಾಫ್ಟು, ಎಲ್ಲದರಲ್ಲೂ ಇದೇ ಜಾತಿಯ ಗಂಟು. ಇಟಲಿಯ ಕಾರ್ಡಾನೋ (1501–1576) ಎಂಬ ಪಂಡಿತನ ಹೆಸರಿನಿಂದ ಇದಕ್ಕೆ ಕಾರ್ಡನ್ ಶಾಫ್ಟು ಅಂತಲೂ ಅನ್ನುತ್ತಾರೆ.

ನಮ್ಮಲ್ಲಿ ಇದು ಬೇಗ ಸವೆಯಲು ಕಾರಣಗಳಿವೆ. ಕಣದ ಧೂಳು ಒಂದು. ಬದಾಮಿ ಕಡೆಯ ಮಸಾರಿ ಹೊಲದ ಮರಳಂತೂ ಅರದ ಹಾಗೆ ತಿನ್ನುತ್ತದೆ. ಎರಡನೆಯದು, ವರ್ಷದಾಗ ಒಂದೆರಡು ತಿಂಗಳು ದುಡಿದ ಶಾಫ್ಟು ಉಳಿದ ದಿನ ಬೇಲಿ ಪಕ್ಕ ಮಳೆಯಲ್ಲಿ ಬಿದ್ದಿರುತ್ತದೆ. ಗ್ರೀಸ್ ಒಣಗಿ ತುಕ್ಕು ಒಳಗೆ ಇಳಿಯುತ್ತದೆ.

ಸವೆದದ್ದು ತಿಳಿಯೋದು ಹೇಗೆ?

ಎಂಜಿನ್ ಬಂದ್ ಮಾಡಿ, ಚಾವಿ ತೆಗೆದು ಕಿಸೆಯಲ್ಲಿ ಇಟ್ಟುಕೊಳ್ಳಿರಿ. ಶಾಫ್ಟನ್ನು ಕ್ರಾಸ್ ಹತ್ತಿರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿರಿ, ತಿರುವಿ ನೋಡ್ರಿ. ಬಟ್ಟಲಲ್ಲಿ ಕ್ರಾಸ್ ಸಡಿಲ ಆಡಿದರೆ ಸವೆದಿದೆ. ಬಟ್ಟಲಿನ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗೆ ಗ್ರೀಸ್ ಇಲ್ಲವೆಂದೇ ಲೆಕ್ಕ. ಓಡಿಸಿ ನಿಲ್ಲಿಸಿದ ಮೇಲೆ ಒಂದು ಬಟ್ಟಲು ಮಾತ್ರ ಕೈ ಸುಡುವಂತಿದ್ದರೆ ಅದೂ ಗುರುತು.

ಬಿಚ್ಚುವುದು

ಮೊದಲು ಶಾಫ್ಟಿನ ಎರಡೂ ಭಾಗಕ್ಕೆ ಸುಣ್ಣದಿಂದ ಒಂದೇ ಸಾಲಿನಲ್ಲಿ ಗುರುತು ಹಾಕಿರಿ. ಇದು ಯಾಕೆಂದು ಮುಂದೆ ಹೇಳುತ್ತೇನೆ. ಗ್ರೀಸ್ ನಿಪ್ಪಲ್ ಬಿಚ್ಚಿ, ನಾಲ್ಕೂ ಬಟ್ಟಲಿನ ಲಾಕ್ ತೆಗೆಯಿರಿ. ಯೋಕನ್ನು, ಅಂದರೆ ಕವೆಯನ್ನು, ವೈಸ್ ಮೇಲೆ ಇಟ್ಟು ಒಂದು ಬಟ್ಟಲನ್ನು ಒಳಗೆ ಒತ್ತಿದರೆ ಎದುರಿನದು ಹೊರಗೆ ಬರುತ್ತದೆ. ಕವೆಯ ಕಿವಿಗೆ ಸುತ್ತಿಗೆಯಿಂದ ಬಡಿಯಬ್ಯಾಡ್ರಿ, ಸೊಟ್ಟಾದರೆ ಹೊಸ ಬೇರಿಂಗೂ ನಿಲ್ಲೂದಿಲ್ಲ.

ತೋಳನ್ನು ಒರೆಸಿ ಉಗುರು ಆಡಿಸಿ ನೋಡಬೇಕು. ಸೂಜಿಯ ಗೆರೆ ಉಗುರಿಗೆ ಸಿಕ್ಕರೆ ಆ ಕ್ರಾಸ್ ಮುಗಿಯಿತು. ಬಟ್ಟಲು ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ, ಪೂರ್ತಿ ಸೆಟ್ ಹಾಕಬೇಕು. ಇಳಕಲ್ಲಿಗೋ ಬಾಗಲಕೋಟೆಗೋ ಹೋಗುವಾಗ ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಬಟ್ಟಲಿನ ದಪ್ಪ, ಎದುರು ಬದುರು ಬಟ್ಟಲಿನ ಉದ್ದ ಎರಡೂ ಅಳತೆ ಕೂಡಬೇಕು.

ಕವೆಯ ತೂತೇ ಹಿಗ್ಗಿ ಬಟ್ಟಲು ಅದರಲ್ಲಿ ತಿರುಗುತ್ತಿದ್ದರೆ ಕೆಲವರು ತಗಡು ತುರುಕುತ್ತಾರೆ, ಇಲ್ಲವೆ ವೆಲ್ಡಿಂಗ್ ಹೊಡೆಸುತ್ತಾರೆ. ಬೆಂಕಿ ತಾಗಿದ ಬಟ್ಟಲಿನ ಗಡಸುತನ ಹೋಗುತ್ತದೆ. ಕವೆ ಬದಲಿಸುವುದೇ ದಾರಿ.

ಹೊಸದು ಕೂಡಿಸುವುದು

ಬಟ್ಟಲಿಗೆ ಒಳಗಿನಿಂದ ಗ್ರೀಸ್ ಮೆತ್ತಿರಿ, ಸೂಜಿಗಳು ಅದಕ್ಕೆ ಅಂಟಿ ನಿಲ್ಲುತ್ತವೆ. ಬಟ್ಟಲು ಒತ್ತುವಾಗ ಕ್ರಾಸಿನ ತೋಳನ್ನು ಅದರೊಳಗೆ ಹಿಡಿದೇ ಇರಬೇಕು. ಒಂದು ಸೂಜಿ ಅಡ್ಡ ಬಿದ್ದರೂ ಬಟ್ಟಲು ಪೂರ್ತಿ ಕೂಡೂದಿಲ್ಲ, ಲಾಕ್ ಗಾಡಿಗೆ ಬೀಳೂದಿಲ್ಲ. ಆಗ ಬಡಿಯದೆ, ತೆಗೆದು ನೋಡಿರಿ. ನಿಪ್ಪಲ್ ಗ್ರೀಸ್ ಗನ್ನಿಗೆ ಸಿಗುವ ಕಡೆ ಇರಲಿ. ಕೊನೆಗೆ ಕ್ರಾಸ್ ಕೈಯಿಂದಲೇ ಎಲ್ಲ ಕಡೆಗೂ ಸರಾಗ ಬಾಗಬೇಕು.

ಎರಡೂ ಕವೆ ಒಂದೇ ಸಾಲಿಗೆ

ಶಾಫ್ಟು ಬಾಗಿ ತಿರುಗುವಾಗ ಕ್ರಾಸಿನಾಚೆಯ ಭಾಗ ಒಂದೇ ಸಮ ತಿರುಗುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ಜೋರು, ಎರಡು ಸಲ ನಿಧಾನ. ಇನ್ನೊಂದು ತುದಿಯ ಕ್ರಾಸ್ ಈ ಏರುಪೇರು ಸರಿ ಮಾಡುತ್ತದೆ. ಅದಕ್ಕೆ ನಡುವಿನ ಶಾಫ್ಟಿನ ಎರಡೂ ಕವೆ ಒಂದೇ ಸಾಲಿನಲ್ಲಿರಬೇಕು, ಎರಡೂ ಕಡೆ ಬಾಗು ಸಮ ಇರಬೇಕು. ಚೌಕ ಶಾಫ್ಟನ್ನು ಕಾಲು ಸುತ್ತು ತಪ್ಪಿಸಿ ಕೂಡಿಸಿದರೆ ಮಷೀನು ನಡುಗುತ್ತದೆ. ಸುಣ್ಣದ ಗುರುತು ಇದಕ್ಕೇ. ಟ್ರ್ಯಾಕ್ಟರನ್ನೂ ಮಷೀನಿನ ನೇರಕ್ಕೆ ನಿಲ್ಲಿಸಿರಿ.

ದುಡಿಯುವ ದಿನ ಎಂಟು ತಾಸಿಗೊಮ್ಮೆ ಗ್ರೀಸ್ ಹೊಡೆಯಬೇಕು, ನಾಲ್ಕೂ ಬಟ್ಟಲಿನಿಂದ ಹಳೆ ಗ್ರೀಸ್ ಹೊರಗೆ ಬರುವ ತನಕ. ಹಂಗಾಮು ಮುಗಿದ ಮೇಲೆ ಇನ್ನೊಮ್ಮೆ ಹೊಡೆದು ಸೂರಿನ ಕೆಳಗೆ ಇಡಿರಿ.

ಟುವಾಲು, ಸೆರಗು ಜ್ವಾಕಿ

ಪಿ.ಟಿ.ಓ. ಮಿನಿಟಿಗೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಎರಡು ಇಂಚು ದಪ್ಪದ ಶಾಫ್ಟು ಒಂದು ಸುತ್ತಿಗೆ ಆರು ಇಂಚಿಗಿಂತ ಹೆಚ್ಚು ಬಟ್ಟೆ ಎಳೆಯುತ್ತದೆ. ಒಂದು ಸೆಕೆಂಡಿಗೆ ನಾಲ್ಕೂವರೆ ಅಡಿ ಆಯಿತು, ಹೆಗಲ ಮೇಲಿನ ಟುವಾಲಿನಷ್ಟು ಉದ್ದ. ಕೂಗುವುದಕ್ಕೂ ಹೊತ್ತು ಸಿಗೂದಿಲ್ಲ. ನಮ್ಮ ಪಕ್ಕದೂರಿನ ಒಬ್ಬ ಹುಡುಗನ ಕೈ ಹೀಗೇ ಹೋಯಿತು. ಸೂಡು ಕೊಡಲು ಬರುವ ಹೆಣ್ಣುಮಕ್ಕಳ ಸೆರಗಿಗೂ ಇದೇ ಅಪಾಯ.

ಆದ್ದರಿಂದ ರಿಪೇರಿಗೆ ತೆಗೆದ ಪ್ಲಾಸ್ಟಿಕ್ ಕವಚವನ್ನು ಮೂಲೆಗೆ ಒಗೆಯದೆ ತಿರುಗಿ ಹಾಕಿರಿ. ಒಡೆದಿದ್ದರೆ ಹೊಸದು ತರ್ರಿ. ತಿರುಗುವ ಶಾಫ್ಟನ್ನು ಯಾರೂ ದಾಟಬಾರದು, ನಡುವೆ ಒಂದು ಹಗ್ಗ ಕಟ್ಟಿ ಬಿಡಿರಿ. ಹೊಸ ಕ್ರಾಸ್ ಹಾಕಿದ ದಿನ ಅರ್ಧ ತಾಸು ಖಾಲಿ ಓಡಿಸಿ, ನಿಲ್ಲಿಸಿ, ಬಟ್ಟಲು ಮುಟ್ಟಿ ನೋಡಿರಿ. ನಾಲ್ಕೂ ಒಂದೇ ಬಿಸಿ ಇದ್ದರೆ ರಾಶಿಗೆ ಕೈ ಹಚ್ಚಬಹುದು.